ಗರಗಸ ತಿಂದ ಲೆಕ್ಕ

ಏಳು ಎಂದರೆ ಏಳೇ. ಬಡಗಿಯ ಹಿರಿಮಗಳು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಇನ್ನೂರ ನಲವತ್ತು ಸೆಂಟಿಮೀಟರ್ ಉದ್ದದ ಹಲಗೆಯಿಂದ ಮೂವತ್ತು ಸೆಂಟಿಮೀಟರಿನ ತುಂಡುಗಳು ಎಷ್ಟು ಬರುತ್ತವೆ ಎಂದು ಫೋನು ಕೇಳಿತು. ಅವಳು ಏಳು ಎಂದು ಒತ್ತಿದಳು. ಪರದೆಯ ಮೂಲೆಯಲ್ಲಿ ಕೂತಿದ್ದ ಹಸಿರು ಆಮೆ ನಿಧಾನಕ್ಕೆ ತಲೆ ಅಲ್ಲಾಡಿಸಿ, ಕೆಂಪು ಗೀಟು ಎಳೆಯಿತು.

"ನಿನ್ ತಲೆ!" ಎಂದು ಅವಳು ಆಮೆಗೆ ಬೈದಳು.

ಇದು ನಡೆದದ್ದು ಸೋಮವಾರ, ಮರದ ಅಂಗಡಿಯ ಕೆಲಸದ ಮೇಜಿನ ಮೇಲೆ, ಗೋಂದಿನ ಡಬ್ಬಿಗೆ ಒರಗಿಸಿಟ್ಟ ಫೋನಿನ ಮುಂದೆ. ಬೀದಿಗೆ ಮುಖ ಮಾಡಿದ ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ. ಅಪ್ಪ ಮರ ಕೊಯ್ದು ಜೋಡಿಸಿದರೆ ಅಮ್ಮ ಉಜ್ಜಿ ಪಾಲಿಶ್ ಹೊಡೆಯುವುದು. ಹಿರಿಮಗಳಿಗೆ ಹನ್ನೊಂದು ವರ್ಷ, ಆರನೇ ತರಗತಿ. ನಡೆಯಲು ಕಲಿತಾಗಿನಿಂದ ಅಳತೆಯ ಟೇಪು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ಗಿರಾಕಿಗಳಿಗೆಲ್ಲ "ಈ ಅಳತೆಗೆ ಬಾಗಿಲು ಕೂರಲ್ಲ" ಎಂದು ಬುದ್ಧಿ ಹೇಳುತ್ತಿದ್ದರಿಂದ ಬೀದಿಯವರು ಅವಳಿಗೆ ಚಿಕ್ಕ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ತಂಗಿಗೆ ಒಂಬತ್ತು, ನಾಲ್ಕನೇ ತರಗತಿ. ಅವಳ ಹೆಸರು ಮೆಣಸಿನಕಾಯಿ. ಯಾಕೆ ಎಂದು ಅವಳ ಜೊತೆ ಐದು ನಿಮಿಷ ಮಾತಾಡಿದವರು ಯಾರೂ ಕೇಳಿಲ್ಲ.

ಶಾಲೆಯ ಛಾವಣಿ ಹಳೆಯದಾಗಿತ್ತು. ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹಾಕುತ್ತಿದ್ದರು, ಹಾಗಾಗಿ ಈ ವರ್ಷ ಪಾಠವೆಲ್ಲ ಫೋನಿನಲ್ಲೇ. ಬೆಳಿಗ್ಗೆ ಹತ್ತರಿಂದ ಹನ್ನೆರಡು ದೊಡ್ಡ ಮಕ್ಕಳಿಗೆ, ಮಧ್ಯಾಹ್ನ ಎರಡರಿಂದ ನಾಲ್ಕು ಚಿಕ್ಕ ಮಕ್ಕಳಿಗೆ. ಮನೆಯಲ್ಲಿ ಮಕ್ಕಳಿಗೆ ಬಿಟ್ಟುಕೊಟ್ಟದ್ದು ಒಂದೇ ಫೋನು, ಅಕ್ಕನ ಪಾಠ ಮುಗಿದ ಮೇಲೆ ತಂಗಿಗೆ. ಗಣಿತಕ್ಕೆ ಮಾತ್ರ ಒಂದು ಮಟ್ಟದ ಪರೀಕ್ಷೆ ಇತ್ತು. ಇಪ್ಪತ್ತು ಪ್ರಶ್ನೆ, ಹದಿನಾಲ್ಕು ಸರಿಯಾಗಬೇಕು, ಮೂರು ಅವಕಾಶ. ಮೂರರಲ್ಲೂ ಮುಗ್ಗರಿಸಿದರೆ ಬುನಾದಿ ಗುಂಪಿಗೆ ಹೋಗಬೇಕು. ಬುನಾದಿ ಗುಂಪು ಎಂದರೆ ಮಧ್ಯಾಹ್ನ ಎರಡು ಗಂಟೆಗೆ, ನಾಲ್ಕನೇ ತರಗತಿಯ ಮಕ್ಕಳ ಜೊತೆ. ಇನ್ನೂ ಬಿಡಿಸಿ ಹೇಳಬೇಕೆಂದರೆ, ಮೆಣಸಿನಕಾಯಿಯ ಪಕ್ಕದಲ್ಲಿ.

ಮೊದಲ ಸಲ ಚಿಕ್ಕ ಮೇಸ್ತ್ರಿಗೆ ಒಂಬತ್ತು ಬಂದಿತ್ತು. ಈ ಸೋಮವಾರ, ಎರಡನೇ ಸಲ, ಹತ್ತು. ಉಳಿದದ್ದು ಒಂದೇ ಅವಕಾಶ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ.

"ಅಪ್ಪಾ, ಇಲ್ಲಿ ಬಾ. ಇದು ಮೋಸ," ಎಂದು ಅವಳು ಕೂಗಿದಳು.

ಅಪ್ಪ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಕಣ್ಣು ಕಿರಿದು ಮಾಡಿ ಪ್ರಶ್ನೆ ಓದಿದ. ಒಮ್ಮೆ ಗೋಡೆಗೆ ಒರಗಿದ್ದ ಹಲಗೆಗಳನ್ನು ನೋಡಿದ. "ಏಳು," ಎಂದ.

"ನಾನೂ ಅದನ್ನೇ ಹಾಕಿದ್ದು!"

"ಸರಿಯಾಗೇ ಇದೆಯಲ್ಲಮ್ಮ. ನಮ್ ಮಿಷನ್ ಗರಗಸ ಒಂದು ಕೊಯ್ತಕ್ಕೆ ಮೂರು ಮಿಲಿಮೀಟರ್ ತಿನ್ನುತ್ತೆ. ಏಳು ಸಲ ಕೊಯ್ದ್ರೆ ಎರಡು ಸೆಂಟಿಮೀಟರ್ ಪುಡಿಯಾಗಿ ಕೆಳಗೆ ಬಿತ್ತು. ಕೊನೆ ತುಂಡು ಮೂವತ್ತು ಎಲ್ಲಿಂದ ಬರ್ಬೇಕು? ಇಪ್ಪತ್ತೆಂಟೂ ಬರಲ್ಲ."

"ಎಂಟು," ಎಂದು ಒಂದು ಸಣ್ಣ ದನಿ ಕೇಳಿಸಿತು. ಮೆಣಸಿನಕಾಯಿ ಬಾಗಿಲ ಹೊಸ್ತಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಮರದ ಚಕ್ಕೆಗಳನ್ನು ಗೋಪುರದಂತೆ ಪೇರಿಸುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ನಿನ್ನ ಯಾರೇ ಕೇಳಿದ್ದು?"

"ಮೂವತ್ತು ಎಂಟ್ಲೆ ಇನ್ನೂರ ನಲವತ್ತು. ನಮ್ಮ ಕ್ಲಾಸಲ್ಲಿ ಇದು ಆಗೋಗಿದೆ. ಲೆಕ್ಕದಲ್ಲಿ ಗರಗಸ ಎಲ್ಲಿದೆ?"

"ಕಾಣಲ್ಲ ಅಂದ್ರೆ ಇಲ್ಲ ಅಂತನಾ? ಗರಗಸ ಇಲ್ದೆ ಹಲ್ಲಲ್ಲಿ ಕಚ್ಚಿ ತುಂಡು ಮಾಡ್ತಾರಾ ಹಲಗೇನ?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಮಾತು ಸುಮ್ಮನೆ ಬಂದದ್ದಲ್ಲ. ಮಗಳು ಎರಡು ಸಲ ಬಿದ್ದಿದ್ದಾಳೆ ಎನ್ನುವುದು ಅವನ ತಲೆಗೇ ಹೋಗಲಿಲ್ಲ. ಮಗಳು ಗರಗಸವನ್ನು ಮರೆತಿಲ್ಲವಲ್ಲ, ಅಷ್ಟು ಸಾಕಾಗಿತ್ತು. ಒಳಗಿನಿಂದ ಪಾಲಿಶ್ ಬಟ್ಟೆ ಹಿಡಿದು ಬಂದ ಅಮ್ಮ ಮಾತ್ರ ನಗಲಿಲ್ಲ.

"ರೀ, ನೀವು ತಾಳ ಹಾಕ್ಬೇಡಿ. ಶನಿವಾರ ಹೋಯ್ತು ಅಂದ್ರೆ ಇವಳು ಚಿಕ್ಕೋಳ ಜೊತೆ ಕೂರ್ಬೇಕು. ಆಮೇಲೆ ಈ ಮನೇಲಿ ನಾನಿರ್ತೀನೋ ಇಲ್ವೋ ಗೊತ್ತಿಲ್ಲ."

ಮೆಣಸಿನಕಾಯಿ ಹಲ್ಲು ಕಿರಿದಳು. "ಬಾ ಅಕ್ಕ, ನಮ್ಮ ಮಿಸ್ಸು ತುಂಬಾ ಒಳ್ಳೆಯವ್ರು. ಕೂಡೋ ಲೆಕ್ಕದಿಂದ ಹೇಳ್ಕೊಡ್ತಾರೆ."

ಚಿಕ್ಕ ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು.

ಮರುದಿನದ ಪಾಠದಲ್ಲಿ ಅವಳು ಕೈ ಎತ್ತಿದಳು. ಕೈ ಎತ್ತುವುದು ಎಂದರೆ ಪರದೆಯ ಮೇಲಿನ ಹಳದಿ ಕೈಯ ಚಿತ್ರ ಒತ್ತುವುದು. ಗಣಿತದ ಟೀಚರ್ ದಪ್ಪ ಕನ್ನಡಕದವರು, ಮಾತು ಚುರುಕು. ಅವರ ಸುತ್ತ ಮೂವತ್ನಾಲ್ಕು ಪುಟ್ಟ ಚೌಕಗಳಲ್ಲಿ ಮೂವತ್ನಾಲ್ಕು ಮಕ್ಕಳು. ಒಬ್ಬ ಉಗುರು ಕಚ್ಚುತ್ತಿದ್ದ, ಒಬ್ಬಳ ಹಿಂದೆ ಬೆಕ್ಕು ಓಡಾಡುತ್ತಿತ್ತು, ಇಬ್ಬರ ಚೌಕದಲ್ಲಿ ಬರೀ ಛಾವಣಿ.

"ಮಿಸ್, ನಿಮ್ಮ ಪರೀಕ್ಷೇಲಿ ಉತ್ತರಗಳು ತಪ್ಪಿವೆ," ಎಂದಳು ಚಿಕ್ಕ ಮೇಸ್ತ್ರಿ. ಹೀಗೆ ಶುರುಮಾಡಬಾರದೆಂದು ಅಮ್ಮ ಹೇಳಿಕೊಟ್ಟಿದ್ದಳು, ಆದರೆ ಬಾಯಿಗೆ ಬಂದದ್ದು ಬಂದಾಗಿತ್ತು.

"ಹೌದಾ? ಯಾವ್ಯಾವುದು?"

ಅವಳು ಹಲಗೆಯ ಲೆಕ್ಕ ಹೇಳಿದಳು. ಗೋಡೆಗೆ ಬಣ್ಣ ಹೊಡೆಯುವ ಲೆಕ್ಕ ಹೇಳಿದಳು. ಒಂದು ಲೀಟರಿಗೆ ಹನ್ನೆರಡು ಚದರ ಮೀಟರ್, ಗೋಡೆ ಮೂವತ್ತಾರು, ಎಷ್ಟು ಲೀಟರ್ ಎಂದರೆ ಮೂರು ಅನ್ನುತ್ತೆ ಆಮೆ. "ಒಂದೇ ಸಲ ಹೊಡೆದ್ರೆ ಹಳೇ ಬಣ್ಣ ಇಣುಕುತ್ತೆ ಮಿಸ್, ಎರಡು ಸಲ ಹೊಡೀಲೇಬೇಕು, ಆರು ಲೀಟರ್." ಆಮೇಲೆ ಆಳುಗಳ ಲೆಕ್ಕ. ನಾಲ್ಕು ಜನ ಆರು ದಿನದಲ್ಲಿ ಮಾಡುವ ಕೆಲಸವನ್ನು ಎಂಟು ಜನ ಮೂರು ದಿನದಲ್ಲಿ ಮುಗಿಸುತ್ತಾರಂತೆ. "ಒಂದು ಕೋಣೆಗೆ ಎಂಟು ಜನ ನುಗ್ಗಿದ್ರೆ ಒಬ್ಬರ ಕಾಲು ಒಬ್ಬರು ತುಳ್ಕೊಂಡು ಜಗಳ ಆಡ್ತಾರೆ. ನಾಲ್ಕು ದಿನ ಬೇಕೇ ಬೇಕು."

ಮೂವತ್ನಾಲ್ಕು ಚೌಕಗಳೂ ನಕ್ಕವು. ಟೀಚರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾದರು.

"ನೀನು ಹೇಳಿದ್ದೆಲ್ಲ ನಿಜ ಕಣಮ್ಮ. ಆದ್ರೆ ಲೆಕ್ಕ ಏನು ಕೇಳ್ತಾ ಇದೆಯೋ ಅದಕ್ಕೆ ಉತ್ತರ ಕೊಡ್ಬೇಕು. ಅದು ಹೇಳ್ದೇ ಇರೋದನ್ನ ನೀನು ಸೇರಿಸಿದ್ರೆ, ಅದು ಬೇರೆ ಲೆಕ್ಕ ಆಗುತ್ತೆ."

"ಆದ್ರೆ ಗರಗಸ ತಿನ್ನೋದು ಸುಳ್ಳಲ್ಲವಲ್ಲ ಮಿಸ್."

"ಸುಳ್ಳಲ್ಲ. ಹಾಗಾದ್ರೆ ಸರಿಯಾಗೇ ಸೇರಿಸೋಣ." ಟೀಚರ್ ಬಿಳಿ ಹಲಗೆಯ ಮೇಲೆ ಬರೆದರು. "ಅರವತ್ತು ಸೆಂಟಿಮೀಟರಿನ ಪಟ್ಟಿ. ಎರಡೆರಡು ಸೆಂಟಿಮೀಟರಿನ ತುಂಡುಗಳು ಬೇಕು. ಪ್ರತಿ ಕೊಯ್ತಕ್ಕೆ ಗರಗಸ ಮೂರು ಮಿಲಿಮೀಟರ್ ತಿನ್ನುತ್ತೆ. ಎಷ್ಟು ತುಂಡು?"

ಚಿಕ್ಕ ಮೇಸ್ತ್ರಿ ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ. "ಇಪ್ಪತ್ತೊಂಬತ್ತು."

"ಖಂಡಿತಾನಾ?"

"ಖಂಡಿತ ಮಿಸ್. ಕಾಗದದ ಲೆಕ್ಕದಲ್ಲಿ ಮೂವತ್ತು, ಗರಗಸಕ್ಕೆ ಒಂದು ಬಿಟ್ರೆ ಇಪ್ಪತ್ತೊಂಬತ್ತು."

"ಮನೇಲಿ ಗರಗಸ ಇದೆಯಲ್ಲ? ಅಪ್ಪನ ಹತ್ರ ಕೊಯ್ಸಿ ನೋಡು. ನಾಳೆ ಹೇಳು," ಎಂದರು ಟೀಚರ್. ಮುಖದಲ್ಲಿ ನಗು ಇತ್ತೋ ಇಲ್ಲವೋ, ಸಿಗ್ನಲ್ ಕೈಕೊಟ್ಟು ಪರದೆ ನಿಂತುಬಿಟ್ಟಿದ್ದರಿಂದ ತಿಳಿಯಲಿಲ್ಲ.

ಅಪ್ಪನಿಗೆ ಹೇಳಿದಾಗ ಅವನು ಗದ್ದ ಕೆರೆದುಕೊಂಡ. ಇಪ್ಪತ್ತು ವರ್ಷ ಮರ ಕೊಯ್ದವನಿಗೆ ಆ ಉತ್ತರ ಎಷ್ಟು ದೂರ ಎಂದು ಗೊತ್ತಾಗದೆ ಇರುತ್ತದೆಯೇ? ಆದರೆ ಅವನು ಬಾಯಿ ಬಿಡಲಿಲ್ಲ. ಮೂಲೆಯ ರಾಶಿಯಿಂದ ಒಂದು ಬೇಡದ ಪಟ್ಟಿ ಆರಿಸಿ, ಅರವತ್ತಕ್ಕೆ ಸರಿಯಾಗಿ ಗೆರೆ ಹಾಕಿ ಕೊಯ್ದ. ಎರಡು ಸೆಂಟಿಮೀಟರಿಗೆ ಪಟ್ಟಿ ತಡೆದು ನಿಲ್ಲುವಂತೆ ಅಡ್ಡಗಟ್ಟೆ ಇಟ್ಟು ತಿರುಪು ಬಿಗಿ ಮಾಡಿದ. ಮಕ್ಕಳಿಬ್ಬರೂ ನೆಲದ ಹಳದಿ ಗೆರೆಯಾಚೆ ನಿಂತರು. ಮಿಷನ್ ಓಡುವಾಗ ಆ ಗೆರೆ ದಾಟಬಾರದೆನ್ನುವುದು ಆ ಮನೆಯ ಮೊದಲ ಕಾನೂನು.

ಗರಗಸ ಕಿರುಚುತ್ತ ಹೋಯಿತು, ಒಂದೊಂದೇ ತುಂಡು ಉದುರಿತು. ಚಿಕ್ಕ ಮೇಸ್ತ್ರಿ ಬೆರಳು ಮಡಿಸುತ್ತ ಎಣಿಸುತ್ತಿದ್ದಳು. ಇಪ್ಪತ್ತರ ಹೊತ್ತಿಗೆ ಪಟ್ಟಿ ಇರಬೇಕಾದುದಕ್ಕಿಂತ ತೀರಾ ಗಿಡ್ಡವಾಗಿ ಕಂಡಿತು. ಇಪ್ಪತ್ನಾಲ್ಕಕ್ಕೆ ಅವಳು ಗೆರೆಯ ಅಂಚಿಗೆ ಬಂದು ಕತ್ತು ಚಾಚಿದಳು. ಇಪ್ಪತ್ತಾರನೆಯದು ಬಿದ್ದು ಮಿಷನ್ ನಿಂತಾಗ ಅಪ್ಪನ ಕೈಯಲ್ಲಿ ಉಳಿದದ್ದು ಉಗುರಿನಷ್ಟು ತೆಳ್ಳಗಿನ ಒಂದು ಚಕ್ಕೆ.

"ಇಪ್ಪತ್ತಾರು!" ಎಂದು ಮೆಣಸಿನಕಾಯಿ ಕುಣಿದಳು. "ಅಕ್ಕಾ, ನಿಂದು ಕಾಗದದ ಮೇಲೂ ತಪ್ಪು, ಮರದ ಮೇಲೂ ತಪ್ಪು. ನೀನು ಎಲ್ಲದಕ್ಕೂ ಸುಮ್ನೆ ಒಂದು ಕಳೀತೀಯ ಅಷ್ಟೇ!"

ನೋಡಿ, ಚಿಕ್ಕ ಬಾಯಲ್ಲಿ ಬಂದ ದೊಡ್ಡ ಮಾತು ಚಿಕ್ಕ ಮೇಸ್ತ್ರಿಗೆ ಸರಿಯಾಗೇ ಚುಚ್ಚಿತು. ಯಾಕೆಂದರೆ ತಂಗಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಅವಳು ಯಾವತ್ತೂ ಗರಗಸದ ಲೆಕ್ಕ ಮಾಡಿಯೇ ಇರಲಿಲ್ಲ. ಉತ್ತರಕ್ಕೆ ಒಂದು ಕಡಿಮೆ ಹಾಕಿ, ಇದು ಗರಗಸದ್ದು ಎಂದು ಎದೆ ಸೆಟೆಸಿ ನಿಲ್ಲುತ್ತಿದ್ದಳು.

ಅವಳು ಫೋನು ತೆಗೆದುಕೊಂಡು ಹಲಗೆಗಳ ರಾಶಿಯ ಮೇಲೆ ಹತ್ತಿ ಕೂತಳು. ಹಳೆಯ ಎರಡೂ ಪರೀಕ್ಷೆಗಳನ್ನು ತೆರೆದಳು. ಎರಡರಲ್ಲೂ ಸೇರಿ ಕೆಂಪು ಗೀಟು ಇಪ್ಪತ್ತೊಂದು. ಅವುಗಳಲ್ಲಿ ಗರಗಸ, ಬಣ್ಣ, ಆಳುಗಳ ಜಗಳ ಎಲ್ಲ ಸೇರಿ ಐದು. ಉಳಿದ ಹದಿನಾರನ್ನು ಅವಳು ಇದುವರೆಗೆ ಕಣ್ಣೆತ್ತಿ ನೋಡಿರಲಿಲ್ಲ. ಸೊನ್ನೆ ಬಿಂದು ಆರನ್ನು ಸೊನ್ನೆ ಬಿಂದು ನಾಲ್ಕರಿಂದ ಗುಣಿಸಿ ಎರಡು ಬಿಂದು ನಾಲ್ಕು ಎಂದು ಬರೆದಿದ್ದಳು. ಒಂದು ಬಿಂದು ಮೂರಕ್ಕಿಂತ ಒಂದು ಬಿಂದು ಎರಡು ಐದು ದೊಡ್ಡದು ಎಂದಿದ್ದಳು, ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ ಎಂದುಕೊಂಡು. ಇವುಗಳಲ್ಲಿ ಯಾವ ಗರಗಸವೂ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವಳು ತಪ್ಪನ್ನು ಗರಗಸದ ಮೇಲೆ ಹಾಕಿದ್ದಳು, ಅಷ್ಟೇ ವ್ಯತ್ಯಾಸ. ಅವಳಿಗೆ ನಾಚಿಕೆಯಾಯಿತು. ಕಿವಿ ಬಿಸಿಯಾಗುವಷ್ಟು ನಾಚಿಕೆ.

ಆದರೆ ಒಂದು ಮಾತು ಹೇಳಲೇಬೇಕು. ಈ ಹುಡುಗಿ ಬಿದ್ದಲ್ಲೇ ಬಿದ್ದುಕೊಂಡು ಗೋಳಾಡುವವಳಲ್ಲ. ಹತ್ತು ನಿಮಿಷ ಮುಖ ಊದಿಸಿಕೊಂಡು ಕೂತಳು, ಹನ್ನೊಂದನೆಯ ನಿಮಿಷಕ್ಕೆ ರಾಶಿಯಿಂದ ಇಳಿದು ಇಪ್ಪತ್ತಾರು ತುಂಡುಗಳನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ತುಂಡುಗಳ ನಡುವೆ ಗರಗಸ ತಿಂದಷ್ಟು ಸಂದು ಬಿಟ್ಟಳು. ಒಂದು ತುಂಡು, ಒಂದು ಸಂದು. ಒಂದು ತುಂಡು, ಒಂದು ಸಂದು. ಪ್ರತಿ ತುಂಡೂ ತನ್ನ ಕೊಯ್ತವನ್ನು ಜೊತೆಗೇ ಕರೆದುಕೊಂಡು ಬರುತ್ತಿತ್ತು.

"ಹಾಗಾದ್ರೆ ಎರಡರಿಂದ ಭಾಗಿಸೋದಲ್ಲ," ಎಂದು ಅವಳು ತನಗೆ ತಾನೇ ಹೇಳಿಕೊಂಡಳು. "ಎರಡು ಬಿಂದು ಮೂರರಿಂದ."

ಅರವತ್ತನ್ನು ಎರಡು ಬಿಂದು ಮೂರರಿಂದ ಭಾಗಿಸಬೇಕು. ಅದು ಬರುತ್ತಿರಲಿಲ್ಲ. ಟೀಚರ್ ಅದನ್ನು ಹೇಳಿಕೊಟ್ಟ ದಿನ ಅವಳು ಪಾಠದ ಚೌಕದಲ್ಲಿ ಕೂತು ಮೇಜಿನ ಕೆಳಗೆ ಮೊಳೆ ಆರಿಸುತ್ತಿದ್ದಳು. ಪುಣ್ಯಕ್ಕೆ ಪಾಠಗಳೆಲ್ಲ ಫೋನಿನಲ್ಲಿ ಉಳಿದಿರುತ್ತಿದ್ದವು. ತರಗತಿಯಲ್ಲಾದರೆ ಟೀಚರನ್ನು ಮೂರು ಸಲ ಕೇಳಲು ಹೆದರಿಕೆ. ಇಲ್ಲಿ ಮೂವತ್ತು ಸಲ ಹಿಂದಕ್ಕೆ ಎಳೆದರೂ ಟೀಚರ್ ಮುಖ ಸಿಂಡರಿಸುವುದಿಲ್ಲ. ವೇಗ ಕಡಿಮೆ ಮಾಡಿದರೆ ನಿದ್ದೆಯಲ್ಲಿ ಮಾತಾಡಿದ ಹಾಗೆ ಎಳೆದೆಳೆದು ಹೇಳುತ್ತಾರೆ, ಅಷ್ಟೇ. ಬಿಂದುವನ್ನು ಎರಡೂ ಕಡೆ ಒಂದೊಂದು ಮನೆ ಸರಿಸು, ಎಂದರು ಟೀಚರ್ ಆಕಳಿಸುವ ದನಿಯಲ್ಲಿ. ಅರವತ್ತು ಆರುನೂರಾಯಿತು. ಎರಡು ಬಿಂದು ಮೂರು ಇಪ್ಪತ್ಮೂರಾಯಿತು. ಅಯ್ಯೋ, ಇದು ಮಿಲಿಮೀಟರ್ ಅಲ್ಲವೇ! ದಿನಾ ಟೇಪಿನಲ್ಲಿ ನೋಡುವುದೇ!

ಇಪ್ಪತ್ಮೂರು ಇಪ್ಪತ್ತಾರ್ಲೆ ಐನೂರ ತೊಂಬತ್ತೆಂಟು. ಉಳಿದದ್ದು ಎರಡು.

ಅವಳು ಆ ತೆಳ್ಳಗಿನ ಚಕ್ಕೆಯನ್ನು ಹುಡುಕಿ ಟೇಪು ಹಿಡಿದು ನೋಡಿದಳು. ಎರಡು ಮಿಲಿಮೀಟರ್. ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳ ಮೈ ಜುಮ್ಮೆಂದಿತು. ಭಾಗಾಕಾರದಲ್ಲಿ ಶೇಷ ಎಂದು ಕೆಳಗೆ ಬರೆದು ಮರೆತುಬಿಡುವ ಆ ಅಂಕಿ ಕೈಯಲ್ಲಿ ಹಿಡಿಯಬಹುದಾದ ವಸ್ತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಅಪ್ಪಾ! ಅಮ್ಮಾ! ಬಂತು!" ಎಂದು ಅವಳು ಕಿರುಚಿದ್ದಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರು ಬೆರಳು ಕತ್ತರಿಸಿಕೊಂಡಳೇನೋ ಎಂದು ನಿಂತು ನೋಡಿದರು.

ಅಲ್ಲಿಂದ ಶನಿವಾರದವರೆಗೆ ಆ ಮನೆಯಲ್ಲಿ ಬೇರೆ ಮಾತಿಲ್ಲ. ಬುಧವಾರ ಟೀಚರ್ ಉತ್ತರ ಕೇಳಿ, "ಭೇಷ್! ಇನ್ನು ಮುಂದೆ ಗರಗಸ ಬೇಕಾದಾಗ ಮಾತ್ರ ತೆಗಿ," ಎಂದರು. ತಾನು ತಪ್ಪು ಹೇಳಿದ್ದೆ ಎಂದು ಚಿಕ್ಕ ಮೇಸ್ತ್ರಿ ಮೂವತ್ನಾಲ್ಕು ಚೌಕಗಳ ಮುಂದೆ ಒಪ್ಪಿಕೊಂಡಳು.

ಅಭ್ಯಾಸ ಮಾಡಿಸಲು ಒಬ್ಬರು ಬೇಕಿತ್ತು. ಅಪ್ಪನನ್ನು ಕೇಳಿದರೆ ಅವನು ಪ್ರತಿ ಲೆಕ್ಕಕ್ಕೂ ಒಂದು ಬೀರುವಿನ ಕತೆ ಹೇಳುತ್ತಿದ್ದ. ಅಮ್ಮನ ಎರಡೂ ಕೈ ಪಾಲಿಶಿನಲ್ಲಿ. ಉಳಿದವಳು ಒಬ್ಬಳೇ. ಚಿಕ್ಕ ಮೇಸ್ತ್ರಿ ಸ್ವಾಭಿಮಾನವನ್ನು ನುಂಗಿಕೊಂಡು ಹೊಸ್ತಿಲ ಹತ್ತಿರ ಹೋದಳು.

"ಲೆಕ್ಕ ಓದಿ ಹೇಳ್ತೀಯೇನೇ?"

"ದಯವಿಟ್ಟು ಅನ್ನು."

"ದಯವಿಟ್ಟು."

"ಮಿಸ್ ಅನ್ನು."

"ಒಂದು ಬಿಡ್ತೀನಿ ನೋಡು!"

ಕೊನೆಗೆ ಮಿಸ್ ಎನ್ನದೆಯೇ ಒಪ್ಪಂದವಾಯಿತು. ಮೆಣಸಿನಕಾಯಿ ಕುರ್ಚಿಯ ಮೇಲೆ ನಿಂತು, ಅಪ್ಪನ ಉದ್ದ ಅಳತೆಕೋಲು ಹಿಡಿದು, ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಓದಿದ ಮೇಲೆ ಪ್ರತಿ ಸಲವೂ ಒಂದೇ ಪ್ರಶ್ನೆ: "ಇದರಲ್ಲಿ ಏನಿದೆ? ಏನಿಲ್ಲ?" ಅಕ್ಕ ಇದ್ದದ್ದನ್ನು ಹೇಳಬೇಕು, ಇಲ್ಲದ್ದನ್ನು ಸೇರಿಸಿದರೆ ಅಳತೆಕೋಲು ಮೇಜಿಗೆ ಬಡಿಯುತ್ತಿತ್ತು. ಒಂದು ಬಿಂದು ಮೂರು ದೊಡ್ಡದೋ ಒಂದು ಬಿಂದು ಎರಡು ಐದು ದೊಡ್ಡದೋ ಎಂದು ಬಂದಾಗ ಅಕ್ಕ ತಡವರಿಸಿದಳು. ತಂಗಿಗೂ ಅದು ಗೊತ್ತಿರಲಿಲ್ಲ, ಅವಳ ತರಗತಿಗೆ ಇನ್ನೂ ಬಿಂದುವಿನ ಲೆಕ್ಕ ಬಂದಿರಲಿಲ್ಲ. "ಟೇಪು ಎಳಿ," ಎಂದಳು. ಎಳೆದರು. ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಅಲ್ಲಿ, ಒಂದು ಮೀಟರ್ ಇಪ್ಪತ್ತೈದು ಇಲ್ಲಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆಮೇಲಿಂದ ಬಿಂದು ಕಂಡರೆ ಚಿಕ್ಕ ಮೇಸ್ತ್ರಿಗೆ ಹೆದರಿಕೆಯಾಗಲಿಲ್ಲ. ಸೊಂಟದಲ್ಲೇ ಉತ್ತರ ಸಿಕ್ಕಿಸಿಕೊಂಡು ಓಡಾಡುತ್ತ ಇಷ್ಟು ದಿನ ಕಷ್ಟಪಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಗುರುವಾರ ಹತ್ತರಲ್ಲಿ ಏಳು ಸರಿ. ಶುಕ್ರವಾರ ಬೆಳಿಗ್ಗೆ ಹತ್ತರಲ್ಲಿ ಒಂಬತ್ತು. ಆ ಒಂಬತ್ತು ಕೇಳಿದ ಮೇಲೆ ಮೆಣಸಿನಕಾಯಿ ಇದ್ದಕ್ಕಿದ್ದಂತೆ ಅಳತೆಕೋಲು ಕೆಳಗಿಟ್ಟಳು.

"ನಂಗೆ ಸಾಕು. ನೀನೇ ಓದ್ಕೋ."

"ಯಾಕೇ? ಇನ್ನೊಂದು ಹತ್ತು ಇದೆ."

"ಬೇಜಾರು." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊಟ್ಟೆಕಿಚ್ಚು ಎಂದುಕೊಂಡಳು ಚಿಕ್ಕ ಮೇಸ್ತ್ರಿ. ಅಕ್ಕ ಗೆದ್ದುಬಿಟ್ಟರೆ ಅಣಕಿಸಲು ಏನೂ ಸಿಗುವುದಿಲ್ಲವಲ್ಲ! ಆದರೆ ಅರ್ಧ ಗಂಟೆಗೆ ಆ ಹುಡುಗಿ ತಾನೇ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ ಕುರ್ಚಿ ಹತ್ತಿ, "ಹನ್ನೊಂದನೇದು," ಎಂದು ಓದತೊಡಗಿದಳು.

ಶನಿವಾರ ಹನ್ನೊಂದಕ್ಕೆ ಅಂಗಡಿಯಲ್ಲಿ ಮಿಷನ್ ನಿಂತಿತು. ಅಮ್ಮ ಉಜ್ಜುವುದನ್ನು ನಿಲ್ಲಿಸಿದಳು. ಕಿಟಕಿಯ ಅಳತೆ ಕೊಡಲು ಬಂದ ಗಿರಾಕಿಯೊಬ್ಬರನ್ನು ಅಪ್ಪ ಬಾಯಿ ಮೇಲೆ ಬೆರಳಿಟ್ಟು ಸ್ಟೂಲಿನ ಮೇಲೆ ಕೂರಿಸಿದ. ಪಾಪ, ಅವರೂ ಉಸಿರು ಬಿಗಿಹಿಡಿದು ಕೂತರು. ಪರದೆಯ ಮೇಲೆ ಹಸಿರು ಆಮೆ ಬಂದು ಕೈ ಬೀಸಿತು.

ಮೊದಲ ಏಳು ನೀರು ಕುಡಿದಷ್ಟು ಸಲೀಸಾಗಿ ಹೋದವು. ಎಂಟನೆಯದರಲ್ಲಿ ಅವಸರಕ್ಕೆ ಬಿಂದು ತಪ್ಪಿತು, ಕೆಂಪು ಗೀಟು. ಅಮ್ಮನ ಕೈ ಪಾಲಿಶ್ ಬಟ್ಟೆಯನ್ನು ಹಿಂಡಿತು. ಚಿಕ್ಕ ಮೇಸ್ತ್ರಿ ಕಣ್ಣು ಮುಚ್ಚಿ, ಮೂರು ಎಣಿಸಿ, ಮುಂದಕ್ಕೆ ಹೋದಳು. ಹನ್ನೊಂದನೆಯದು ಬಣ್ಣದ ಲೆಕ್ಕ. ಗೋಡೆ ಐವತ್ತು ಚದರ ಮೀಟರ್, ಲೀಟರಿಗೆ ಹತ್ತು. ಅವಳ ಬೆರಳು ಹತ್ತರ ಕಡೆ ಹೋಗಿ ನಿಂತಿತು. ಏನಿದೆ, ಏನಿಲ್ಲ ಎಂದು ತುಟಿಯಲ್ಲೇ ಅಂದುಕೊಂಡಳು. ಎರಡು ಸಲ ಹೊಡೆಯಬೇಕೆಂದು ಲೆಕ್ಕ ಹೇಳಿಲ್ಲ. ಹಳೇ ಬಣ್ಣ ಇಣುಕಿದರೆ ಇಣುಕಲಿ, ಆಮೆಯ ಮನೆ ತಾನೇ. ಐದು ಎಂದು ಒತ್ತಿದಳು. ಹಸಿರು ಗೀಟು.

ಹದಿನಾಲ್ಕನೆಯದು ಆಳುಗಳ ಲೆಕ್ಕ. ಮೂರು ಜನ ಎಂಟು ದಿನದಲ್ಲಿ ಮುಗಿಸುವ ಕೆಲಸಕ್ಕೆ ಹನ್ನೆರಡು ಜನ ಬಂದಿದ್ದರು. ಹನ್ನೆರಡು ಜನ ಎಂದು ಕಂಡ ಕೂಡಲೇ ಅಪ್ಪನ ಬಾಯಿ ತೆರೆಯಿತು. ಅಮ್ಮ ಪಾಲಿಶಿನ ಕೈಯಲ್ಲೇ ಅವನ ಬಾಯಿ ಮುಚ್ಚಿದಳು. ಮಗಳು ಎರಡು ದಿನ ಎಂದು ಒತ್ತಿದಳು. ಅಪ್ಪ ಉಳಿದ ಪರೀಕ್ಷೆಯನ್ನು ಕಂದು ಮೀಸೆಯಲ್ಲೇ ನೋಡಿದ.

ಹದಿನೇಳನೆಯದು ತಪ್ಪಿತು. ಹತ್ತೊಂಬತ್ತೂ ತಪ್ಪಿತು, ಭಿನ್ನರಾಶಿ ಇನ್ನೂ ಪೂರ್ತಿ ಕೈಗೆ ಬಂದಿರಲಿಲ್ಲ. ಇಪ್ಪತ್ತನೆಯದು ನಾಲ್ಕೂವರೆ ಮೀಟರ್ ರಿಬ್ಬನ್ನಿನಲ್ಲಿ ಸೊನ್ನೆ ಬಿಂದು ಏಳು ಐದು ಮೀಟರಿನ ತುಂಡುಗಳೆಷ್ಟು ಎಂದು ಕೇಳಿತು. ಅವಳು ಬಿಂದು ಸರಿಸಿದಳು, ಮನಸ್ಸಿನಲ್ಲೇ ಟೇಪು ಎಳೆದಳು, ಆರು ಎಂದು ಬರೆದಳು. ಆಮೆ ಎರಡು ಕಾಲಿನ ಮೇಲೆ ನಿಂತು ಕುಣಿಯಿತು. ಇಪ್ಪತ್ತಕ್ಕೆ ಹದಿನೇಳು.

ಅಪ್ಪ ಹದಿನೇಳು ಎಂದು ಕಿರುಚಿ ಮಗಳನ್ನು ಎತ್ತಿ ತಿರುಗಿಸಿದ. ಅಮ್ಮ ಕಣ್ಣೊರೆಸಿಕೊಂಡು ಹುಬ್ಬಿಗೂ ಪಾಲಿಶ್ ಹಚ್ಚಿಕೊಂಡಳು. ಕಿಟಕಿಯ ಗಿರಾಕಿ ಯಾಕೆಂದು ಗೊತ್ತಿಲ್ಲದಿದ್ದರೂ ಚಪ್ಪಾಳೆ ತಟ್ಟಿದರು. ಚಿಕ್ಕ ಮೇಸ್ತ್ರಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಬುನಾದಿ ಗುಂಪಿಲ್ಲ, ಎರಡು ಗಂಟೆಯ ಪಾಠವಿಲ್ಲ, ಕೂಡುವ ಲೆಕ್ಕವಿಲ್ಲ! ಈಗ ಒಬ್ಬರ ಮುಖ ನೋಡಬೇಕು ಎಂದು ಅವಳು ಸುತ್ತ ತಿರುಗಿದಳು. ಮೆಣಸಿನಕಾಯಿ ಅಲ್ಲಿರಲಿಲ್ಲ.

ಊಟಕ್ಕೂ ಅವಳು ಅರ್ಧ ತಿಂದು ಎದ್ದುಹೋದಳು. ಎರಡು ಗಂಟೆಗೆ ಐದು ನಿಮಿಷವಿದ್ದಾಗ ಚಿಕ್ಕ ಮೇಸ್ತ್ರಿ ಫೋನು ಕೊಡಲು ಹಿಂದಿನ ಕೋಣೆಗೆ ಹೋದಳು. ಮಿಷನ್ ಹೆಚ್ಚಾಗಿ ಓಡುವುದು ಮಧ್ಯಾಹ್ನವೇ, ಅದರ ಸದ್ದು ಪಾಠಕ್ಕೆ ಅಡ್ಡಬರುತ್ತದೆಂದು ಮಧ್ಯಾಹ್ನ ಆ ಕೋಣೆಯ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿಡುತ್ತಿದ್ದರು. ತಂಗಿ ಮೇಜಿನ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಮೇಜಿನ ಮೇಲೆ ಅವಳ ಪುಸ್ತಕಗಳೆಲ್ಲ ಎಡಗಡೆಗೆ ಒತ್ತಿಕೊಂಡಿದ್ದವು, ಬಲಗಡೆ ಅರ್ಧ ಮೇಜು ಒರೆಸಿ ಖಾಲಿ ಇಟ್ಟಿತ್ತು. ಅವಳ ಕುರ್ಚಿಯ ಪಕ್ಕದಲ್ಲಿ ಅಡುಗೆಮನೆಯ ಸ್ಟೂಲು.

"ಹದಿನೇಳು ಬಂತು," ಎಂದಳು ಅಕ್ಕ. ಅಣಕಿಸಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳು ಯಾಕೋ ಮುಂದಕ್ಕೆ ಬರಲಿಲ್ಲ.

"ಗೊತ್ತು. ಅಪ್ಪ ಕಿರುಚಿದ್ದು ಕೇಳಿಸ್ತು. ಫೋನ್ ಇಟ್ಟು ಹೋಗು."

"ಈ ಸ್ಟೂಲು ಯಾರಿಗೇ?"

ತಂಗಿ ಪುಸ್ತಕಗಳನ್ನು ಇನ್ನಷ್ಟು ಎಡಕ್ಕೆ ಒತ್ತಿದಳು. ಅವಳ ಭುಜ ಒಂದು ಸಲ ಮೇಲಕ್ಕೆ ಹೋಗಿ ಕೆಳಗೆ ಬಂತು. ಆಮೇಲೆ ಮೂಗೆಳೆದುಕೊಳ್ಳುವ ಸದ್ದು.

"ನೀನು ಬರ್ತೀಯ ಅಂದ್ಕೊಂಡಿದ್ದೆ," ಎಂದಳು ಮೆಣಸಿನಕಾಯಿ. "ಸೋಮವಾರಾನೇ ಒರೆಸಿಟ್ಟಿದ್ದೆ. ಶಾಲೇಲಿ ಒಂದು ಬೆಂಚಿಗೆ ನಾಲ್ಕು ಜನ ಕೂರ್ತಿದ್ವಿ. ಇಲ್ಲಿ ನಾನೊಬ್ಬಳೇ. ನಿಂಗಾದ್ರೆ ಬೆಳಿಗ್ಗೆ ಅಂಗಡೀಲಿ ಎಲ್ರೂ ಇರ್ತಾರೆ. ಇಲ್ಲಿ ಬಾಗಿಲು ಹಾಕಿದ ಮೇಲೆ ಯಾರೂ ಬರಲ್ಲ."

ಚಿಕ್ಕ ಮೇಸ್ತ್ರಿ ಖಾಲಿ ಸ್ಟೂಲನ್ನು ನೋಡಿದಳು. ವಾರವೆಲ್ಲ ಎಲ್ಲಿಗೆ ಹೋಗಿ ಬೀಳಬಾರದೆಂದು ಅವಳು ಹೋರಾಡಿದ್ದಳೋ ಅಲ್ಲಿ ತಂಗಿ ಅವಳಿಗಾಗಿ ಜಾಗ ಒರೆಸಿಟ್ಟು ಕಾದಿದ್ದಳು.

"ಮತ್ತೆ ನೀನೇ ಅಲ್ವೇನೇ ನಂಗೆ ಓದಿ ಓದಿ ಹೇಳಿದ್ದು? ಸುಮ್ನಿದ್ದಿದ್ರೆ ನಾನು ಬಿದ್ದೇ ಬೀಳ್ತಿದ್ದೆ."

"ನೀನು ಮುಖ ಸಣ್ಣದು ಮಾಡ್ಕೊಂಡು ಓಡಾಡ್ತಿದ್ದೆ," ಎಂದಳು ತಂಗಿ, ಇನ್ನೂ ಗೋಡೆಗೇ ಮುಖ ಮಾಡಿ. "ನಂಗೆ ನೋಡೋಕಾಗ್ಲಿಲ್ಲ."

ಆಚೆ ಅಂಗಡಿಯಲ್ಲಿ ಗರಗಸ ಮತ್ತೆ ಶುರುವಾಯಿತು. ಫೋನು ಟಣ್ ಎಂದಿತು, ನಾಲ್ಕನೇ ತರಗತಿಯ ಟೀಚರ್ ಪರದೆಯ ಮೇಲೆ ಬಂದು ಎಲ್ಲರಿಗೂ ನಮಸ್ಕಾರ ಎಂದರು. ಚಿಕ್ಕ ಮೇಸ್ತ್ರಿ ಹೋಗಿ ಬಾಗಿಲು ಹಾಕಿದಳು, ಒಳಗಿನಿಂದ. ಸ್ಟೂಲನ್ನು ಕ್ಯಾಮೆರಾಕ್ಕೆ ಕಾಣದಷ್ಟು ಪಕ್ಕಕ್ಕೆಳೆದು ಕೂತಳು.

ಮೆಣಸಿನಕಾಯಿ ತೋಳಿನಿಂದ ಮೂಗು ಒರೆಸಿಕೊಂಡು ಅವಳನ್ನು ಓರೆಗಣ್ಣಿನಿಂದ ನೋಡಿದಳು. "ಸುಮ್ನೆ ಕೂರ್ಬೇಕು," ಎಂದು ಪಿಸುಗುಟ್ಟಿದಳು. "ಉತ್ತರ ಹೇಳಿಕೊಡಬಾರ್ದು. ನಂಗೇ ಬರುತ್ತೆ."

"ಹೇಳಲ್ಲ."

ಆವತ್ತು ಎರಡು ಗಂಟೆ ಹೊತ್ತು, ಕೇಳಿದ ಒಂದೊಂದು ಲೆಕ್ಕಕ್ಕೂ ಉತ್ತರ ಗೊತ್ತಿದ್ದೂ, ಚಿಕ್ಕ ಮೇಸ್ತ್ರಿ ತುಟಿ ಪಿಟಕ್ಕೆನ್ನಲಿಲ್ಲ.